ಅರಾನ್ ಸ್ವೆಟರ್‌ನಲ್ಲಿ ಮನೆತನದ ಗುರುತು ಇರುತ್ತದೆಯೇ?

ಐರ್ಲೆಂಡಿನ ಅರಾನ್ ದ್ವೀಪಗಳಲ್ಲಿ ಪ್ರತಿ ಮನೆತನಕ್ಕೂ ಒಂದೊಂದು ಹೆಣಿಗೆ ವಿನ್ಯಾಸವಿತ್ತು, ಕಡಲಲ್ಲಿ ಮುಳುಗಿದ ಮೀನುಗಾರನ ಶವವನ್ನು ಸ್ವೆಟರ್ ನೋಡಿಯೇ ಗುರುತಿಸುತ್ತಿದ್ದರು ಎಂಬ ಮಾತನ್ನು ನೀವು ಓದಿರಬಹುದು. ಇದು ನಿಜವೇ?

ಇಲ್ಲ. ನಾವು ಪರಿಶೀಲಿಸಿದಂತೆ ಇಂಥ ಪದ್ಧತಿಗೆ ಆಧಾರವಿಲ್ಲ. ಉಬ್ಬು ಹಗ್ಗ, ಜೇನುಗೂಡು, ವಜ್ರದಾಕಾರಗಳಿರುವ ಈ ಸ್ವೆಟರ್ ಪ್ರಾಚೀನವೂ ಅಲ್ಲ. ಅದು ರೂಪುಗೊಂಡದ್ದು 20ನೇ ಶತಮಾನದ ಆರಂಭದಲ್ಲಿ.

ಹಾಗಾದರೆ ಕಥೆ ಬಂದದ್ದು ಎಲ್ಲಿಂದ? ಜೆ. ಎಂ. ಸಿಂಜ್ ಅವರ ನಾಟಕ ‘ರೈಡರ್ಸ್ ಟು ದ ಸೀ’ (1904) ಇದರ ಮೂಲ ಎನ್ನಲಾಗುತ್ತದೆ. ಅದರಲ್ಲಿ ಯುವತಿಯೊಬ್ಬಳು ಮುಳುಗಿಹೋದ ಸೋದರನನ್ನು ತಾನು ಹೆಣೆದ ಕಾಲುಚೀಲದಿಂದ ಗುರುತಿಸುತ್ತಾಳೆ. ಅಲ್ಲಿ ಸುಳಿವಾಗುವುದು ಮನೆತನದ ವಿನ್ಯಾಸವಲ್ಲ, ಅವಳು ಬಿಟ್ಟಿದ್ದ 4 ಕುಣಿಕೆಗಳು. ಮುಂದೆ ಸ್ವೆಟರ್ ಮಾರಾಟಕ್ಕೆ ಈ ಕಥೆ ಚೆನ್ನಾಗಿ ಒದಗಿಬಂತು.

ನಂಬಿದರೆ ನಷ್ಟವೇನು? ಹೆಣೆದ ಹೆಂಗಸರ ಕಲ್ಪನೆ ಮರೆಯಾಗುತ್ತದೆ. ಅವರು ಹಳೆಯ ಕಟ್ಟಳೆಯನ್ನು ನಕಲು ಮಾಡಲಿಲ್ಲ. ಒಬ್ಬರಿಂದೊಬ್ಬರು ಕಲಿತು, ತಮ್ಮದನ್ನೂ ಸೇರಿಸಿ, ಸಂಪಾದನೆಗಾಗಿಯೂ ಹೆಣೆದರು. ಕಡ್ಡಿ ಹಿಡಿದ ನಿಮಗೂ ಅದೇ ಸ್ವಾತಂತ್ರ್ಯವಿದೆ. ಕುಣಿಕೆಗಳ ಸ್ಥಾನ ಅದಲುಬದಲು ಮಾಡಿದರೆ ಹಗ್ಗದ ಹುರಿ ಮೂಡುತ್ತದೆ. ಎಷ್ಟು ಸಾಲಿಗೊಮ್ಮೆ ಎಂಬುದು ನಿಮ್ಮ ಆಯ್ಕೆ.

ಈ ಸಂದೇಶ ಮತ್ತೆ ಬಂದರೆ, ಹೆಣೆದವರ ಕಥೆಯನ್ನೂ ಸೇರಿಸಿ ಕಳುಹಿಸಿ ಎಂದು ಕೋರುತ್ತೇವೆ.