ಬೇಲಿಯೇ ಹೊಲ ಮೇಯ್ದಾಗ: ಹರಿಹರದ ನದಿಯಿಂದ ಕಡಲ ತಳದವರೆಗೆ

ಸಮುದ್ರದ ತಳದಲ್ಲಿರುವ ಖನಿಜ ಸಂಪತ್ತನ್ನು ಹರಾಜು ಹಾಕುವ ಪ್ರಕ್ರಿಯೆಗೆ ಕೇಂದ್ರ ಸರ್ಕಾರ 2024ರ ನವೆಂಬರ್ 28ರಂದು ಚಾಲನೆ ನೀಡಿತು. ಮೊದಲ ಕಂತಿನಲ್ಲಿ 13 ಬ್ಲಾಕ್‌ಗಳನ್ನು ಗುರುತಿಸಲಾಯಿತು. ಕೇರಳದ ಕಡಲಿನಲ್ಲಿ ಕಟ್ಟಡ ನಿರ್ಮಾಣದ ಮರಳಿನ ಮೂರು, ಗುಜರಾತಿನ ಕಡಲಿನಲ್ಲಿ ಸುಣ್ಣದ ಕೆಸರಿನ ಮೂರು, ಗ್ರೇಟ್ ನಿಕೋಬಾರ್ ದ್ವೀಪದ ಸಮೀಪ ಬಹುಲೋಹದ ಗಂಟು ಹಾಗೂ ಪದರಗಳ ಏಳು ಬ್ಲಾಕ್‌ಗಳು ಅದರಲ್ಲಿದ್ದವು.

ಕಡಲಿನಿಂದ ಬಹುದೂರವಿರುವ ದಾವಣಗೆರೆ, ಹರಿಹರದ ಜನರಿಗೆ ಇದು ಯಾರದೋ ಊರಿನ ಸುದ್ದಿ ಎನಿಸಬಹುದು. ಆದರೆ ಈ ಹರಾಜಿನ ಹಿಂದಿರುವ ಮೂಲ ಪ್ರಶ್ನೆ ಇಲ್ಲಿಗೆ ಹೊಸದಲ್ಲ. ಸಾರ್ವಜನಿಕ ಸಂಪತ್ತನ್ನು ಮಾರುವವರೇ ಅದರ ಕಾವಲುಗಾರರೂ ಆದರೆ ಏನಾಗುತ್ತದೆ? ಸುಮಾರು ನಾಲ್ಕು ದಶಕಗಳ ಹಿಂದೆ ಈ ಪ್ರಶ್ನೆ ಎದ್ದದ್ದು ಹರಿಹರದ ತುಂಗಭದ್ರಾ ದಂಡೆಯಲ್ಲಿ.

ಎರಡು ಜಿಲ್ಲೆಗಳ ನಡುವಿನ ನದಿ

ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಆರಂಭವಾಯಿತು. ನೀಲಗಿರಿ ಮರದಿಂದ ರೇಯಾನ್ ನೂಲಿಗೆ ಬೇಕಾದ ತಿರುಳು ತಯಾರಿಸುವುದು ಇದರ ಕೆಲಸ. ಹೆಸರಿನಲ್ಲಿ ಹರಿಹರವಿದ್ದರೂ ಕಾರ್ಖಾನೆ ಇರುವುದು ರಾಣೆಬೆನ್ನೂರು ತಾಲ್ಲೂಕಿನಲ್ಲಿ. ಆಗ ಅದು ಧಾರವಾಡ ಜಿಲ್ಲೆ, ಹರಿಹರ ಚಿತ್ರದುರ್ಗ ಜಿಲ್ಲೆ. 1997ರ ನಂತರ ಆ ದಂಡೆ ಹಾವೇರಿಗೆ, ಈ ದಂಡೆ ದಾವಣಗೆರೆಗೆ ಸೇರಿವೆ. ನದಿಯೇ ಗಡಿಯಾದ ಕಡೆ ನೀರಿನ ಹೊಣೆ ಯಾವ ಕಚೇರಿಯದು ಎಂಬುದೇ ತಕರಾರಿನ ವಿಷಯವಾಗುತ್ತದೆ.

ಮರದಿಂದ ತಿರುಳು ತೆಗೆಯುವಾಗ ಉಳಿಯುವ ಲಿಗ್ನಿನ್ ಎಂಬ ಅಂಟು ಪದಾರ್ಥ ನೀರಿಗೆ ಕಂದು ಬಣ್ಣ ನೀಡುತ್ತದೆ. ಅದು ಸುಲಭವಾಗಿ ಕೊಳೆಯುವುದಿಲ್ಲ. ತ್ಯಾಜ್ಯದಲ್ಲಿರುವ ಇತರ ಸಾವಯವ ಅಂಶಗಳು ಕೊಳೆಯುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಹೀರಿಕೊಳ್ಳುತ್ತವೆ. ಮಳೆಗಾಲದ ತುಂಬು ಹೊಳೆ ಇದನ್ನು ಒಂದಿಷ್ಟು ತಾಳಿಕೊಂಡೀತು. ಬೇಸಿಗೆಯಲ್ಲಿ ಹರಿವು ಸಣ್ಣದಾದಾಗ ಮೊದಲು ಉಸಿರುಗಟ್ಟುವುದು ಮೀನು.

1980ರ ದಶಕದ ಮೊದಲ ಭಾಗದಲ್ಲಿ ಮೀನುಗಳು ರಾಶಿಯಾಗಿ ಸತ್ತು ತೇಲಿದಾಗ ನಲವಾಗಲ, ಐರಣಿ ಮೊದಲಾದ ಕೆಳಹರಿವಿನ ಗ್ರಾಮಗಳ ಜನ ದನಿ ಎತ್ತಿದರು. ಮೀನುಗಾರರು ಬಲೆ ಬೀಸುವಂತಿರಲಿಲ್ಲ, ದನಕರುಗಳಿಗೆ ಕುಡಿಸಲು ಬೇರೆ ನೀರಿರಲಿಲ್ಲ. ದಾವಣಗೆರೆ ನಗರಕ್ಕೆ ನದಿ ನೀರು ಎತ್ತುವ ರಾಜನಹಳ್ಳಿ ಇರುವುದು ಹರಿಹರಕ್ಕಿಂತ ಮೇಲೆ. ನಲ್ಲಿಯಲ್ಲಿ ನೀರು ಎಂದಿನಂತೆ ಬರುತ್ತಿದ್ದುದರಿಂದ ಕೆಳಗಿನವರ ಸಂಕಟ ನಗರದವರಿಗೆ ತಟ್ಟಲಿಲ್ಲ.

ಪಾಲುದಾರನೇ ಕಾವಲುಗಾರ

ಜಲಮಾಲಿನ್ಯ ತಡೆ ಕಾಯ್ದೆ 1974ರಲ್ಲಿಯೇ ಬಂದಿತ್ತು. ಅದೇ ವರ್ಷ ರಾಜ್ಯದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯೂ ಸ್ಥಾಪನೆಯಾಗಿತ್ತು. ಆದ್ದರಿಂದ ಕೊರತೆ ಕಾನೂನಿನದಾಗಿರಲಿಲ್ಲ, ಸರ್ಕಾರದ ಸ್ಥಾನದ್ದಾಗಿತ್ತು. ಕಾರ್ಖಾನೆಗೆ ಮರವನ್ನು ರಿಯಾಯಿತಿ ದರದಲ್ಲಿ ಪೂರೈಸುವ ಒಪ್ಪಂದಕ್ಕೆ ಸಹಿ ಹಾಕಿದ್ದ ಸರ್ಕಾರವೇ ಅದರ ತ್ಯಾಜ್ಯದ ಮೇಲೆ ಕಣ್ಣಿಡಬೇಕಾಗಿತ್ತು.

1984ರಲ್ಲಿ ಈ ನಂಟು ಇನ್ನಷ್ಟು ಗಟ್ಟಿಯಾಯಿತು. ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆ ಸ್ಥಾಪಿಸಿದವು. ಸರ್ಕಾರದ ಪಾಲು ಶೇ 51, ಕಂಪನಿಯ ಪಾಲು ಶೇ 49. ಸುಮಾರು 30 ಸಾವಿರ ಹೆಕ್ಟೇರ್ 'ಸಿ' ಮತ್ತು 'ಡಿ' ದರ್ಜೆ ಭೂಮಿಯಲ್ಲಿ ನೀಲಗಿರಿ ಬೆಳೆಸಿ ಕಾರ್ಖಾನೆಗೆ ಒದಗಿಸುವುದು ಇದರ ಉದ್ದೇಶ. ಕಡತದಲ್ಲಿ ಅದು ಪಾಳು ಭೂಮಿ. ಹಳ್ಳಿಗರಿಗೆ ಅದು ದನ ಮೇಯುವ, ಸೌದೆ ಹಾಗೂ ಹುಲ್ಲು ತರುವ ಜಾಗ.

ಈ ಭೂಮಿ ಹಸ್ತಾಂತರದ ವಿರುದ್ಧ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 1984ರಲ್ಲಿ ಧಾರವಾಡದಲ್ಲಿ ಹುಟ್ಟಿದ ಈ ಸಂಘಟನೆಯ ನೇತೃತ್ವ ಎಸ್.ಆರ್. ಹಿರೇಮಠ ಅವರದು. ತುಂಗಭದ್ರಾ ಮಾಲಿನ್ಯದ ವಿರುದ್ಧದ ಹೋರಾಟದಲ್ಲಿಯೂ ಅದು ಮುಂಚೂಣಿಯಲ್ಲಿತ್ತು. 1986ರ ಕೊನೆಯಲ್ಲಿ ಸಲ್ಲಿಕೆಯಾದ ಅರ್ಜಿಯಲ್ಲಿ ಸಾಹಿತಿ ಡಾ. ಶಿವರಾಮ ಕಾರಂತರು ಪ್ರಮುಖ ಅರ್ಜಿದಾರರಾಗಿದ್ದರು. 1987ರ ಮಾರ್ಚ್‌ನಲ್ಲಿ ನ್ಯಾಯಾಲಯ ತಡೆಯಾಜ್ಞೆ ನೀಡಿತು. ಅದೇ ವರ್ಷ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಉಪಯೋಗವಾಗುವ ಗಿಡಗಳನ್ನು ನೆಟ್ಟರು. ಹೋರಾಟ ಮುಂದುವರಿದು 1991ರಲ್ಲಿ ಜಂಟಿ ಸಂಸ್ಥೆಯನ್ನು ಮುಚ್ಚಲಾಯಿತು.

ಇನ್ನೊಂದು ಮುಖವನ್ನೂ ಮರೆಯುವಂತಿಲ್ಲ. ಕಾರ್ಖಾನೆ ಸಾವಿರಾರು ಕುಟುಂಬಗಳಿಗೆ ಅನ್ನ ನೀಡಿದೆ. ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿ, ಹರಿಹರದ ಮೈಸೂರು ಕಿರ್ಲೋಸ್ಕರ್ ಕೂಡ ಬಾಗಿಲು ಹಾಕಿದ ಮೇಲೆ ಈ ಭಾಗದಲ್ಲಿ ನೌಕರಿಯ ಬೆಲೆ ಇನ್ನಷ್ಟು ಹೆಚ್ಚಿತು. ನೌಕರಿ ಬೇಕೋ ನೀರು ಬೇಕೋ ಎಂದು ಜನರನ್ನು ಇಕ್ಕಟ್ಟಿಗೆ ಸಿಲುಕಿಸುವುದು ಸುಲಭ. ಎರಡನ್ನೂ ಉಳಿಸುವ ಹೊಣೆ ನಿಯಂತ್ರಣ ವ್ಯವಸ್ಥೆಯದು. ಅದು ತನ್ನ ಕೆಲಸ ಮಾಡದಿದ್ದಾಗ ಮಾತ್ರ ಇಂತಹ ಆಯ್ಕೆ ಜನರ ಮುಂದೆ ಬರುತ್ತದೆ.

ಗಣಿಯಿಂದ ಬಂದರಿಗೆ

ಇದೇ ಪ್ರಶ್ನೆ ತುಂಗಭದ್ರೆಯ ಕೆಳಪಾತ್ರದ ಬಳ್ಳಾರಿಯಲ್ಲಿ ಇನ್ನೂ ದೊಡ್ಡದಾಗಿ ಎದ್ದಿತು. ಅಕ್ರಮ ಅದಿರು ಗಣಿಗಾರಿಕೆಯ ವಿರುದ್ಧ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದೂ ಸಮಾಜ ಪರಿವರ್ತನ ಸಮುದಾಯವೇ. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು 2011ರ ಜುಲೈ 27ರಂದು ಅಂತಿಮ ವರದಿ ಸಲ್ಲಿಸಿದರು. ಅದಾದ ಎರಡೇ ದಿನಕ್ಕೆ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ತಡೆ ನೀಡಿತು. 2013ರ ಏಪ್ರಿಲ್ 18ರ ತೀರ್ಪು ಗಂಭೀರ ಉಲ್ಲಂಘನೆ ನಡೆಸಿದ 'ಸಿ' ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು.

ಆ ಅದಿರು ಕೊನೆಗೆ ತಲುಪಿದ್ದು ಕಡಲಿಗೆ. 2010ರಲ್ಲಿ ಅಂಕೋಲಾ ತಾಲ್ಲೂಕಿನ ಬೇಲೆಕೇರಿ ಬಂದರಿನಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿದ್ದ ಅದಿರಿನಲ್ಲಿ ಲಕ್ಷಾಂತರ ಟನ್ ಕೆಲವೇ ತಿಂಗಳಲ್ಲಿ ಕಾಣೆಯಾಯಿತು. ಸರ್ಕಾರದ ವಶದಲ್ಲಿದ್ದ ಮಾಲು ಸರ್ಕಾರದ ಬಂದರಿನಿಂದಲೇ ಹಡಗು ಹತ್ತಿತ್ತು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಬಂದರು ಅಧಿಕಾರಿ ಹಾಗೂ ಶಾಸಕರೊಬ್ಬರು ಸೇರಿದಂತೆ ಹಲವರನ್ನು ದೋಷಿಗಳೆಂದು ತೀರ್ಮಾನಿಸಿತು. ಮರುತಿಂಗಳು ಶಾಸಕರ ಶಿಕ್ಷೆಯನ್ನು ಹೈಕೋರ್ಟ್ ಅಮಾನತಿನಲ್ಲಿರಿಸಿತು.

ಕಡಲ ತಳದ ಲೆಕ್ಕ

ನದಿ, ಬೆಟ್ಟಗಳ ನಂತರ ಈಗ ಕಡಲ ತಳದ ಸರದಿ. ಕರಾವಳಿಯಾಚೆಯ ಖನಿಜಗಳ ಕುರಿತ 2002ರ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ತಂದು, ಹರಾಜಿನ ಮೂಲಕ 50 ವರ್ಷಗಳ ಅವಧಿಗೆ ಉತ್ಪಾದನಾ ಗುತ್ತಿಗೆ ನೀಡಲು ಅವಕಾಶ ಕಲ್ಪಿಸಲಾಗಿದೆ. ರಾಯಧನ ಕೇಂದ್ರಕ್ಕೆ ಸಲ್ಲುತ್ತದೆ. ಹಾನಿಯಾದರೆ ಮೊದಲು ಅನುಭವಿಸುವವರು ದಡದ ಮೀನುಗಾರರು. ಮರಳು ಅಗೆಯುವಾಗ ಏಳುವ ಕೆಸರು ನೀರನ್ನು ಮಬ್ಬಾಗಿಸುತ್ತದೆ, ತಳದ ಜೀವಿಗಳ ಮೇಲೆ ಕೂತು ಮೀನಿನ ಆಹಾರವನ್ನು ಹೂಳುತ್ತದೆ. ಕೊಲ್ಲಂ ಕಡಲು ಹೆಸರಾಂತ ಮೀನುಗಾರಿಕೆ ಪ್ರದೇಶ. ಹೀಗಾಗಿ 2025ರ ಫೆಬ್ರುವರಿಯಲ್ಲಿ ಕೇರಳದ ಕರಾವಳಿ ಹರತಾಳ ನಡೆಸಿತು. ಮಾರ್ಚ್‌ನಲ್ಲಿ ಅಲ್ಲಿನ ವಿಧಾನಸಭೆ ಈ ಯೋಜನೆಯ ವಿರುದ್ಧ ನಿರ್ಣಯ ಅಂಗೀಕರಿಸಿತು.

ಆಳ ಸಮುದ್ರದಲ್ಲಿ ಅಪಾಯ ಇನ್ನೂ ದೀರ್ಘಕಾಲದ್ದು. ನಾಲ್ಕರಿಂದ ಆರು ಸಾವಿರ ಮೀಟರ್ ಆಳದಲ್ಲಿರುವ ಬಹುಲೋಹದ ಗಂಟುಗಳು ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತವೆ. 1989ರಲ್ಲಿ ಪೆರು ದೇಶದ ಕಡಲಿನಲ್ಲಿ ವಿಜ್ಞಾನಿಗಳು ಪ್ರಯೋಗಕ್ಕೆಂದು ತಳವನ್ನು ಉತ್ತರು. 2015ರಲ್ಲಿ ಮತ್ತೆ ನೋಡಿದಾಗಲೂ ಆ ಸಾಲುಗಳು ಹಾಗೆಯೇ ಇದ್ದವು. ಮಧ್ಯ ಹಿಂದೂ ಮಹಾಸಾಗರದಲ್ಲಿ 75 ಸಾವಿರ ಚದರ ಕಿಲೋಮೀಟರ್ ಪ್ರದೇಶದ ಅನ್ವೇಷಣೆಗೆ ಭಾರತ 2002ರಲ್ಲಿ ಒಪ್ಪಂದ ಮಾಡಿಕೊಂಡಿತು. ಒಪ್ಪಂದ ನೀಡಿದ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದ ಕಚೇರಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿದೆ. ಗಣಿಗಾರಿಕೆಗೆ ಪರವಾನಗಿ ಕೊಡುವುದೂ ಸಾಗರವನ್ನು ಕಾಯುವುದೂ ಅದೇ ಪ್ರಾಧಿಕಾರದ ಕೆಲಸ. ಹರಿಹರದ ತೊಡಕು ಅಲ್ಲಿಯೂ ಇದೆ.

ಕೇಳಬೇಕಾದ ಪ್ರಶ್ನೆಗಳು

ನದಿ, ಕಡಲತೀರ, ಕಾಡು ಜನರ ಸ್ವತ್ತು, ಸರ್ಕಾರ ಅದರ ಧರ್ಮದರ್ಶಿ ಮಾತ್ರ ಎಂದು ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ, ಹಿಮಾಚಲದ ಬಿಯಾಸ್ ನದಿ ದಂಡೆಯ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಧರ್ಮದರ್ಶಿ ಲೆಕ್ಕ ಒಪ್ಪಿಸಲೇಬೇಕು. ಲೆಕ್ಕ ಕೇಳಲು ಕರ್ನಾಟಕದಲ್ಲಿ 2000ದಲ್ಲಿಯೇ ಮಾಹಿತಿ ಹಕ್ಕಿನ ಕಾಯ್ದೆ ರೂಪುಗೊಂಡಿತು, 2005ರಲ್ಲಿ ಕೇಂದ್ರದ ಕಾಯ್ದೆ ಬಂದಿತು. ಕುಮಾರಪಟ್ಟಣದ ಹೋರಾಟಗಾರರಿಗೆ ಈ ಅಸ್ತ್ರ ಇರಲಿಲ್ಲ.

ಅದೇ ವೇಳೆ ಕಾನೂನು ಸಡಿಲವಾಗಿಯೂ ಇದೆ. 2024ರ ತಿದ್ದುಪಡಿಯು ಜಲಮಾಲಿನ್ಯ ಕಾಯ್ದೆಯ ಹಲವು ಅಪರಾಧಗಳಿಗಿದ್ದ ಜೈಲು ಶಿಕ್ಷೆಯನ್ನು ತೆಗೆದು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡಕ್ಕೆ ಇಳಿಸಿತು. ವಿಧಾನಸಭೆಯ ನಿರ್ಣಯದ ಮೂಲಕ ಒಪ್ಪಿಕೊಳ್ಳುವ ರಾಜ್ಯಗಳಿಗೆ ಅದು ಅನ್ವಯಿಸುತ್ತದೆ.

ನದಿಯಾಗಲಿ ಕಡಲಾಗಲಿ, ಯೋಜನೆಯೊಂದು ಬಂದಾಗ ನಾಗರಿಕರು ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಲಾಭದಲ್ಲಿ ಸರ್ಕಾರದ ಪಾಲೆಷ್ಟು? ನೀರನ್ನು ಪರೀಕ್ಷಿಸುವವರಿಗೆ ಸಂಬಳ ಕೊಡುವವರು ಯಾರು? ಪರೀಕ್ಷೆಯ ಫಲಿತಾಂಶ ಎಲ್ಲಿ, ಎಂದು ಪ್ರಕಟವಾಗುತ್ತದೆ? ಕೆಳಹರಿವಿನವರನ್ನು ಕೇಳಲಾಗಿದೆಯೇ? ಇವಕ್ಕೆ ಉತ್ತರ ಸಿಗದ ಕಡೆ ಬೇಲಿಯನ್ನು ನಂಬಿ ಹೊಲ ಬಿಟ್ಟುಬರುವಂತಿಲ್ಲ.