ವೇದನೆ, ಸಂವೇದನೆ: ಒಂದು ಅರ್ಥವಿಚಾರ

ಜೈನಗ್ರಂಥವೊಂದನ್ನು ಓದುತ್ತಿದ್ದ ವಿದ್ಯಾರ್ಥಿಯೊಬ್ಬನು ‘ವೇದನೀಯ ಕರ್ಮ’ವೆಂಬುದಕ್ಕೆ ‘ನೋವನ್ನುಂಟುಮಾಡುವ ಕರ್ಮ’ವೆಂದು ನನ್ನೆದುರಿಗೆ ಅರ್ಥ ಹೇಳಿದನು. ಅವನ ಕನ್ನಡದಲ್ಲಿ ದೋಷವಿರಲಿಲ್ಲ. ವೇದನೆಯೆಂದರೆ ನೋವೆಂದೇ ನಮ್ಮ ರೂಢಿ. ಆದರೆ ಶಾಸ್ತ್ರಾರ್ಥವು ಕೆಟ್ಟಿತು. ಆದುದರಿಂದ ಈ ಶಬ್ದವು ನಡೆದುಬಂದ ದಾರಿಯನ್ನು ಸಂಕ್ಷೇಪವಾಗಿ ನಿರೂಪಿಸುವುದು ಯುಕ್ತವೆಂದು ತೋರುತ್ತದೆ.

ಧಾತುಪಾಠದಲ್ಲಿ ‘ವಿದ್’ ಧಾತುವು ಜ್ಞಾನ, ಸತ್ತೆ, ಲಾಭ, ವಿಚಾರಣೆ ಎಂಬ ಅರ್ಥಗಳಲ್ಲಿ ಬೇರೆ ಬೇರೆ ಗಣಗಳಲ್ಲಿ ಪಠಿತವಾಗಿದೆ. ಚುರಾದಿಯಲ್ಲಿ ಚೇತನಾರ್ಥವೂ ಉಂಟು. ನೋವೆಂಬ ಅರ್ಥವು ಯಾವ ಗಣದಲ್ಲಿಯೂ ಇಲ್ಲ. ಬೌದ್ಧರು ವೇದನೆಯನ್ನು ಸುಖ, ದುಃಖ, ಎರಡೂ ಅಲ್ಲದ್ದು ಎಂದು ಮೂರು ಬಗೆಯಾಗಿ ವಿಭಾಗಿಸಿದರು. ಅವರ ದ್ವಾದಶ ನಿದಾನಗಳಲ್ಲಿ ಸ್ಪರ್ಶದಿಂದ ವೇದನೆಯೂ ವೇದನೆಯಿಂದ ತೃಷ್ಣೆಯೂ ಹುಟ್ಟುತ್ತವೆ. ವೇದನೆಯು ನೋವೊಂದೇ ಆಗಿದ್ದರೆ, ಸುಖದ ರುಚಿ ಕಂಡು ಮತ್ತೆ ಬಯಸುವ ತೃಷ್ಣೆಗೆ ಕಾರಣವೇ ದೊರೆಯದು. ಹಾಗೆಯೇ ತತ್ತ್ವಾರ್ಥಸೂತ್ರದಲ್ಲಿ ವೇದನೀಯವು ಸದ್ವೇದ್ಯ, ಅಸದ್ವೇದ್ಯವೆಂದು ಎರಡು ವಿಧ. ಮೊದಲನೆಯದರ ಫಲ ಸುಖಾನುಭವವೇ.

ಹಾಗಾದರೆ ನೋವಿನ ಅರ್ಥವು ಕನ್ನಡಿಗರ ಕಲ್ಪನೆಯೆ? ಅಲ್ಲ. ಸುಶ್ರುತಸಂಹಿತೆಯು ವ್ರಣದ ವೇದನಾಭೇದಗಳನ್ನು ಎಣಿಸುವಾಗ ಚುಚ್ಚುವುದು, ಸೀಳುವುದು ಮೊದಲಾದ ನೋವುಗಳನ್ನೇ ಹೇಳುತ್ತದೆ. ವೈದ್ಯನ ಬಳಿಗೆ ಸುಖವನ್ನು ಹೇಳಿಕೊಳ್ಳಲು ಬರುವವರಿಲ್ಲವಷ್ಟೆ. ಅರ್ಥಸಂಕೋಚಕ್ಕೆ ಇಂತಹ ಪ್ರಯೋಗಗಳೇ ದಾರಿಮಾಡಿರಬೇಕೆಂದು ಊಹಿಸಬಹುದು.

‘ಸಂವೇದನ’ದ ಗತಿಯು ಬೇರೆ. 7ನೆಯ ಶತಮಾನದ ಧರ್ಮಕೀರ್ತಿಯು ಪ್ರತ್ಯಕ್ಷದ ನಾಲ್ಕು ಭೇದಗಳಲ್ಲಿ ಸ್ವಸಂವೇದನವನ್ನು ಒಂದಾಗಿ ಹೇಳಿದನು. ಅರಿವು ತನ್ನನ್ನು ತಾನೇ ಅರಿಯುವುದೆಂದು ಅದರ ತಾತ್ಪರ್ಯ. ಕ್ರಿ. ಶ. 1000ದ ಸುಮಾರಿನಲ್ಲಿದ್ದ ಅಭಿನವಗುಪ್ತನು ರಸಾಸ್ವಾದಕ್ಕೆ ಸ್ವಸಂವೇದನವನ್ನೇ ಪ್ರಮಾಣವಾಗಿ ಹಿಡಿದನು. ಇಲ್ಲಿಯೂ ನೋವಿನ ಸೋಂಕಿಲ್ಲ.

ಕನ್ನಡದಲ್ಲಿ ವೇದನೆಯು ನೋವಿನಲ್ಲಿ ನಿಂತುಬಿಟ್ಟ ಮೇಲೆ, ಬಿಟ್ಟುಹೋದ ಅರ್ಥವನ್ನು ಹೊರುವ ಭಾರವು ಸಂವೇದನೆಗೆ ಬಂದಿತು. ಮನಶ್ಶಾಸ್ತ್ರದಲ್ಲಿ ಅದು ಇಂದ್ರಿಯಾನುಭವ. 20ನೆಯ ಶತಮಾನದ ಉತ್ತರಾರ್ಧದ ನವ್ಯವಿಮರ್ಶೆಯಲ್ಲಿ ಲೇಖಕನು ಲೋಕವನ್ನು ಗ್ರಹಿಸುವ ರೀತಿ. ಇಂದಿನ ಮಾತಿನಲ್ಲಿ ‘ಸಂವೇದನಾಶೀಲ’ನೆಂದರೆ ಪರರ ನೋವಿಗೆ ಮಿಡಿಯುವವನು. ಯಂತ್ರಕ್ಕೂ ‘ಸಂವೇದಕ’ವುಂಟು. ಈ ಹೊಸ ಅರ್ಥಗಳನ್ನು ನಿಂದಿಸಬೇಕಾದುದಿಲ್ಲ; ಆದರೆ ಅವುಗಳನ್ನು ಪ್ರಾಚೀನ ಗ್ರಂಥಗಳಲ್ಲಿ ತುಂಬಬಾರದು. ಕಾವ್ಯಕ್ಕೆ ಮಿಡಿಯುವವನನ್ನು ಪ್ರಾಚೀನರು ಸಹೃದಯನೆಂದರು. ಪರರ ದುಃಖಕ್ಕೆ ಮಿಡಿಯುವುದನ್ನು ಅನುಕಂಪೆಯೆಂದರು.

ತತ್ತ್ವಾರ್ಥಸೂತ್ರವು ಸದ್ವೇದ್ಯದ ಕಾರಣಗಳಲ್ಲಿ ಪ್ರಾಣಿಗಳಲ್ಲಿ ತೋರುವ ಆ ಅನುಕಂಪೆಯನ್ನೇ ಮೊದಲು ಹೇಳುತ್ತದೆ. ವೇದನೀಯವೆಲ್ಲ ನೋವೇ ಎಂದು ತಿಳಿದವನಿಗೆ, ಅನ್ಯರ ನೋವನ್ನು ಕಂಡು ಕರಗಿದವನು ಸುಖವೇದನೆಗೆ ಪಾತ್ರನಾಗುತ್ತಾನೆಂಬ ಈ ಮಾತು ಅರ್ಥವಾಗುವುದೇ ಇಲ್ಲ. ಆ ವಿದ್ಯಾರ್ಥಿಗೆ ಇದನ್ನು ತಿಳಿಸಿದಾಗ ಅವನು ಪುಟವನ್ನು ಹಿಂದಕ್ಕೆ ತಿರುಗಿಸಿ ಮೊದಲಿನಿಂದ ಓದತೊಡಗಿದನು. ಅಧ್ಯಾಪಕರು ಪದದ ಅರ್ಥದೊಡನೆ ಅದರ ಕಾಲವನ್ನೂ ಹೇಳಬೇಕೆಂಬುದೇ ಈ ಲೇಖನದ ಪ್ರಾರ್ಥನೆ.