ದಕ್ಷಿಣ ಬೆಂಗಳೂರಿನಲ್ಲಿ ಕ್ಯಾಮೆರಾ ಮತ್ತು ಅನುಮತಿ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ಕೊಲ್ಹಾಪುರದ ಛತ್ರಪತಿ ಸ್ಟುಡಿಯೊದಲ್ಲಿ ತಯಾರಾಯಿತು, ಅನಂತರದ ದಶಕಗಳಲ್ಲೂ ಚಿತ್ರರಂಗ ಬಹುಮಟ್ಟಿಗೆ ಮದರಾಸು, ಮೈಸೂರುಗಳ ಸ್ಟುಡಿಯೊಗಳನ್ನೇ ನಂಬಿಕೊಂಡಿತ್ತು. ಹೀಗಾಗಿ ಬೆಂಗಳೂರಿನ ಬೀದಿಯಲ್ಲಿ ಕ್ಯಾಮೆರಾ ಹೂಡಲು ಯಾರ ಒಪ್ಪಿಗೆ ಬೇಕೆಂಬ ಪ್ರಶ್ನೆ ತಡವಾಗಿಯೇ ಎದ್ದಿತು. ಶೃಂಗೇರಿ ಬಳಿಯ ವೈಕುಂಠಪುರದಲ್ಲಿ ಚಿತ್ರಿತವಾದ ‘ಸಂಸ್ಕಾರ’ದ (1970) ಬೆನ್ನಿಗೆ ಹೊರಾಂಗಣ ಚಿತ್ರೀಕರಣ ಬಲಗೊಂಡಿತು, ನಗರಕ್ಕೆ ಬಂದಾಗ ಅದು ಹಲವು ಕಚೇರಿಗಳ ಬಾಗಿಲು ತಟ್ಟಬೇಕಾಯಿತು.

ಇದಕ್ಕೆ ಕಾರಣ ನಗರ ಬೆಳೆದ ಬಗೆಯಲ್ಲೇ ಇದೆ. 1948ರಲ್ಲಿ ಸಿ. ರಾಜಗೋಪಾಲಾಚಾರಿಯವರು ಅಡಿಗಲ್ಲಿಟ್ಟ ಜಯನಗರವನ್ನು ರೂಪಿಸಿದ್ದು ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ. ಬಡಾವಣೆ ಕಟ್ಟುವ ಅದರ ಕೆಲಸವನ್ನು 1976ರ ಕಾಯ್ದೆಯಂತೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ವಹಿಸಿಕೊಂಡಿತು, ಸಿದ್ಧವಾದ ರಸ್ತೆ, ಮೈದಾನಗಳು ಪಾಲಿಕೆಯ ಸುಪರ್ದಿಗೆ ಹೋದವು, ಅಲ್ಲಿನ ಸಂಚಾರ ಮತ್ತು ಜನಸಂದಣಿಯ ನಿಯಂತ್ರಣ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಂತೆ ಪೊಲೀಸ್ ಆಯುಕ್ತರ ಕೈಯಲ್ಲಿ ಉಳಿಯಿತು. ಜಯನಗರದ ಮಗ್ಗುಲಿನ ಲಾಲ್‌ಬಾಗ್ ತೋಟಗಾರಿಕೆ ಇಲಾಖೆಯದು. ಅದನ್ನು ಕಾಯುವ 1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆಯಾಗಲಿ, ಬಡಾವಣೆಗಳ ಪಾರ್ಕುಗಳನ್ನು ಕಾಯುವ 1985ರ ಕಾಯ್ದೆಯಾಗಲಿ ಹುಟ್ಟಿದ್ದು ಹಸಿರು ನೆಲ ಕೈತಪ್ಪದಂತೆ ತಡೆಯಲು. ಚಿತ್ರೀಕರಣ ಅವುಗಳ ಮುಖ್ಯ ಕಾಳಜಿಯಾಗಿರಲಿಲ್ಲ.

ಇಲ್ಲೊಂದು ಭೇದವನ್ನು ಗಮನಿಸಬೇಕು. ಬೀದಿಯಲ್ಲಿ ಛಾಯಾಚಿತ್ರ ತೆಗೆಯುವುದನ್ನೇ ನಿಷೇಧಿಸುವ ಸಾಮಾನ್ಯ ಕಾನೂನು ಭಾರತದಲ್ಲಿಲ್ಲ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಸೇನಾನೆಲೆಯಂಥ ‘ನಿಷೇಧಿತ ಸ್ಥಳ’ಗಳ ಬಗೆಗೆ ಹೇಳುತ್ತದೆ, 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮಂತೂ ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನಿಂತ ಶಿಲ್ಪದ ಚಿತ್ರ ತೆಗೆಯಲು ಅವಕಾಶ ಕೊಡುತ್ತದೆ. ದೀಪ, ಜನರೇಟರ್, ಕ್ಯಾರವಾನ್‌ಗಳೊಂದಿಗೆ ರಸ್ತೆಯನ್ನು ಹಿಡಿದಿಡುವ ತಂಡ ಅನುಮತಿ ಪಡೆಯುವುದು ನ್ಯಾಯವೇ. ಆದರೆ ಅದೇ ಷರತ್ತನ್ನು, ಯಾರ ದಾರಿಯನ್ನೂ ಕಟ್ಟದೆ ಕೈಯಲ್ಲೊಂದು ಕ್ಯಾಮೆರಾ ಹಿಡಿದು ನಡೆಯುವ ಪ್ರಜೆಯ ಮೇಲೂ ಹೇರುವುದು ಸರಿಯಲ್ಲ.

ವ್ಯವಸ್ಥೆಯ ದೊಡ್ಡ ಕೊರತೆ ಬೇರೆಯೇ ಇತ್ತು: ಸ್ಥಳದ ಒಡೆತನ ಯಾರದೆಂದು ಅದು ವಿಚಾರಿಸಿತೇ ಹೊರತು ಚಿತ್ರದೊಳಗೆ ಸಿಕ್ಕವರ ಒಪ್ಪಿಗೆಯನ್ನು ಕೇಳಲಿಲ್ಲ. 2017ರ ಜೂನ್‌ನಲ್ಲಿ ಮೆಟ್ರೊ ಜಯನಗರ, ಬನಶಂಕರಿ, ಜೆ.ಪಿ. ನಗರಗಳನ್ನು ಹಾದು ಯಲಚೇನಹಳ್ಳಿ ಮುಟ್ಟಿತು. ಅದೇ ವರ್ಷದ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಮೆಟ್ರೊದಲ್ಲಿ ಮಹಿಳೆಯರನ್ನು ಅವರಿಗೆ ತಿಳಿಯದಂತೆ ಚಿತ್ರಿಸಿ ಇನ್‌ಸ್ಟಾಗ್ರಾಂಗೆ ಏರಿಸುತ್ತಿದ್ದ ಖಾತೆಯೊಂದರ ವಿರುದ್ಧ 2025ರ ಮೇ ತಿಂಗಳಲ್ಲಿ ಬನಶಂಕರಿ ಠಾಣೆಯಲ್ಲಿ ಮೊಕದ್ದಮೆ ದಾಖಲಾದಾಗ, ಪೊಲೀಸರು ಆಧರಿಸಿದ್ದು ಮಾಹಿತಿ ತಂತ್ರಜ್ಞಾನ ಕಾಯ್ದೆಯನ್ನು ಮತ್ತು ಮಹಿಳೆಯರನ್ನು ಹಿಂಬಾಲಿಸಿ ಕಾಡುವುದನ್ನು ಶಿಕ್ಷಿಸುವ ಭಾರತೀಯ ನ್ಯಾಯ ಸಂಹಿತೆಯ ಕಲಮನ್ನು.